ಬಿಸಿಲುನಾಡಿನಲ್ಲಿ ಬೇಸಗೆಯ ಪ್ರವಾಸ

ಪರೀಕ್ಷೆಗಳು ಮುಗಿಯುವ ಹೊತ್ತಿಗೆ ವಿದ್ಯಾರ್ಥಿಗಳ ಮನಸ್ಸು ಪುಸ್ತಕವನ್ನು ಬಿಟ್ಟು ಊರೂರಿಗೆ ಹಾರತೊಡಗುತ್ತದೆ. ಹಂಪೆಯನ್ನು ನೋಡಬೇಕು, ಬಾದಾಮಿಯ ಗುಹೆಗಳ ಮೆಟ್ಟಿಲುಗಳನ್ನು ಹತ್ತಬೇಕು, ವಿಜಯಪುರದ ಗೋಲಗುಮ್ಮಟದೊಳಗೆ ನಿಂತು ಪ್ರತಿಧ್ವನಿಯನ್ನು ಕೇಳಬೇಕು ಎಂಬ ಆಸೆಗಳು ಚಿಗುರುವುದು ಆಗಲೇ. ರಜೆ ಬರುವುದು ಎಪ್ರಿಲ್, ಮೇ ತಿಂಗಳುಗಳಲ್ಲಿ. ಈ ಊರುಗಳು ಕಾದ ಹೆಂಚಿನಂತಾಗುವುದೂ ಅದೇ ತಿಂಗಳುಗಳಲ್ಲಿ. ಆಗ ಮನೆಗಳಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. "ಈ ಬಿಸಿಲಿನಲ್ಲಿ ಎಲ್ಲಿಗೂ ಹೋಗಕೂಡದು" ಎಂಬುದು ಹಿರಿಯರ ಮಾತು. "ಹದಿನೆಂಟರ ಹರೆಯಕ್ಕೆ ಬಿಸಿಲು ಒಂದು ಲೆಕ್ಕವೆ?" ಎಂಬುದು ಕಿರಿಯರ ಮಾತು. ಈ ಎರಡಕ್ಕೂ ನನ್ನ ಸಮ್ಮತಿಯಿಲ್ಲ. ಬೇಸಗೆಯಲ್ಲಿಯೂ ಪ್ರವಾಸ ಹೋಗಬಹುದು. ಆದರೆ ನೋಡಬೇಕಾದ ಸ್ಥಳಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಪ್ರವಾಸದ ವೇಳಾಪಟ್ಟಿಯನ್ನು ಬರೆಯಬಾರದು. ಸೂರ್ಯನ ಗತಿಯನ್ನೂ ನಮ್ಮ ದೇಹದ ಶಾಖದ ಲೆಕ್ಕವನ್ನೂ ಅರಿತು ಬರೆಯಬೇಕು ಎಂಬುದೇ ನನ್ನ ಅಭಿಪ್ರಾಯ.

ಈ ಅಭಿಪ್ರಾಯ ನನಗೆ ಪುಸ್ತಕದಿಂದ ಬಂದುದಲ್ಲ. ನನ್ನದೇ ಒಂದು ತಪ್ಪಿನಿಂದ ಬಂದುದು. ಕೆಲವು ವರ್ಷಗಳ ಹಿಂದೆ ಮೇ ತಿಂಗಳಿನಲ್ಲಿ ಇಪ್ಪತ್ತೆಂಟು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಹಂಪೆಗೆ ಹೋಗಿದ್ದೆ. ಕಾರ್ಯಕ್ರಮವನ್ನು ಸಿದ್ಧಪಡಿಸಿದವನು ನಾನೇ. ಒಂದೇ ದಿನದಲ್ಲಿ ಒಂಬತ್ತು ಸ್ಥಳಗಳನ್ನು ನೋಡಿ ಮುಗಿಸಬೇಕೆಂದು ಬರೆದಿದ್ದೆ. ಬಸ್ಸು ತಡವಾಗಿ ಹಂಪೆಯನ್ನು ಮುಟ್ಟಿದಾಗ ಹನ್ನೊಂದು ಗಂಟೆ. ವಿರೂಪಾಕ್ಷನ ಗುಡಿಯನ್ನು ನೋಡಿ, ಹೊಳೆಯ ದಡದ ದಾರಿ ಹಿಡಿದು, ಸುಮಾರು ಎರಡು ಕಿಲೋಮೀಟರ್ ದೂರದ ವಿಠ್ಠಲ ದೇವಾಲಯದ ಕಡೆಗೆ ನಡೆಯತೊಡಗಿದಾಗ ಗಂಟೆ ಒಂದು ಹೊಡೆದಿತ್ತು. ಅರ್ಧ ದಾರಿಯಲ್ಲಿ ಒಬ್ಬ ವಿದ್ಯಾರ್ಥಿ ಹಿಂದೆ ಬಿದ್ದ. ಮುಖ ಬಿಳಿಚಿಕೊಂಡಿತ್ತು, ತಲೆ ಸುತ್ತುತ್ತಿದೆ, ವಾಕರಿಕೆ ಬರುತ್ತಿದೆ ಎಂದ, ಎರಡು ಹೆಜ್ಜೆ ಇಡುವಷ್ಟರಲ್ಲಿ ಕುಸಿದು ಕುಳಿತ. ಹತ್ತಿರದ ಒಂದು ಕಲ್ಲುಮಂಟಪದ ಒಳಗೆ ಅವನನ್ನು ಹೊತ್ತುಕೊಂಡು ಹೋಗಿ, ಹುಡುಗರ ಟವೆಲ್ಲುಗಳನ್ನು ಹೊಳೆಯ ನೀರಿನಲ್ಲಿ ಅದ್ದಿ ಮೈಮೇಲೆ ಹಾಸಿ, ರಟ್ಟಿನಿಂದ ಗಾಳಿ ಬೀಸಿದೆವು. ಅರ್ಧ ಗಂಟೆಯಲ್ಲಿ ಅವನು ಚೇತರಿಸಿಕೊಂಡು ನೀರು ಕುಡಿದ. ಅಂದು ದೊಡ್ಡ ಅನಾಹುತವೇನೂ ಆಗಲಿಲ್ಲ. ಆದರೆ ಆ ಅರ್ಧ ಗಂಟೆಯನ್ನು ನಾನು ಮರೆತಿಲ್ಲ. ತರಗತಿಯಲ್ಲಿ ಬಾಷ್ಪೀಕರಣ, ಗುಪ್ತಶಾಖ, ವಿಕಿರಣಗಳನ್ನು ಪಾಠ ಹೇಳುವವನೇ ಅವುಗಳನ್ನು ವೇಳಾಪಟ್ಟಿ ಬರೆಯುವಾಗ ನೆನೆಯಲಿಲ್ಲವಲ್ಲ ಎಂಬ ನಾಚಿಕೆ ಇಂದಿಗೂ ಇದೆ.

ಪ್ರವಾಸಕ್ಕೆ ಹೊರಡುವವರು ಮೊದಲು ಕೇಳುವ ಪ್ರಶ್ನೆ, "ಅಲ್ಲಿ ಎಷ್ಟು ಡಿಗ್ರಿ?" ಎಂಬುದು. ಪತ್ರಿಕೆಯಲ್ಲೋ ದೂರವಾಣಿಯ ಪರದೆಯಲ್ಲೋ ಕಾಣುವ ಈ ಸಂಖ್ಯೆ ಯಾವುದರ ಉಷ್ಣತೆ ಎಂಬುದನ್ನು ಕೇಳುವವರು ವಿರಳ. ಹವಾಮಾನ ವೀಕ್ಷಣಾಲಯಗಳಲ್ಲಿ ಉಷ್ಣಮಾಪಕವನ್ನು ಬಿಸಿಲಿನಲ್ಲಿ ತೂಗುಹಾಕುವುದಿಲ್ಲ. ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಬಿಳಿಯ ಬಣ್ಣ ಬಳಿದ, ಗಾಳಿಯಾಡಲು ಸುತ್ತಲೂ ಓರೆಪಟ್ಟಿಗಳುಳ್ಳ ಮರದ ಪೆಟ್ಟಿಗೆಯೊಂದರಲ್ಲಿ ಅದನ್ನು ಇಡುತ್ತಾರೆ. ಅದಕ್ಕೆ ಸ್ಟೀವನ್‌ಸನ್ ಪೆಟ್ಟಿಗೆ ಎಂದು ಹೆಸರು. ಸ್ಕಾಟ್ಲೆಂಡಿನಲ್ಲಿ ದೀಪಸ್ತಂಭಗಳನ್ನು ಕಟ್ಟಿದ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್ ಇದನ್ನು ರೂಪಿಸಿದನು. ಪ್ರಸಿದ್ಧ ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್ ಇವನ ಮಗ. ಆ ಪೆಟ್ಟಿಗೆಯೊಳಗಿನ ಸಂಖ್ಯೆ ನೆರಳಿನಲ್ಲಿರುವ ಗಾಳಿಯ ಉಷ್ಣತೆಯೇ ಹೊರತು ಬಿಸಿಲಿನಲ್ಲಿ ನಡೆಯುವ ಮನುಷ್ಯನು ಅನುಭವಿಸುವ ಸೆಕೆಯಲ್ಲ. ಬಿಸಿಲು, ಕಾದ ಬಂಡೆ, ಗಾಳಿಯ ತೇವ, ಬೀಸುವ ವೇಗ ಇವು ಯಾವುವೂ ಅದರಲ್ಲಿ ಸೇರಿಲ್ಲ. ಹಾಗಾದರೆ ಮನುಷ್ಯನ ಮೈ ಏನನ್ನು ಅಳೆಯುತ್ತದೆ?

ನಮ್ಮ ದೇಹದ ಒಳಗಿನ ಉಷ್ಣತೆ ಸುಮಾರು ೩೭ ಡಿಗ್ರಿ ಸೆಲ್ಸಿಯಸ್. ಒಂದೆರಡು ಡಿಗ್ರಿಗಳ ವ್ಯತ್ಯಾಸವಾದರೂ ನಾವು ಅಸ್ವಸ್ಥರಾಗುತ್ತೇವೆ. ೪೦ನ್ನು ದಾಟಿದರೆ ಪ್ರಾಣಕ್ಕೆ ಅಪಾಯ. ಸುಮ್ಮನೆ ಕುಳಿತ ವಯಸ್ಕನ ದೇಹವು ಸುಮಾರು ೧೦೦ ವಾಟ್‌ನಷ್ಟು ಶಾಖವನ್ನು ಉತ್ಪಾದಿಸುತ್ತಿರುತ್ತದೆ. ಚುರುಕಾಗಿ ನಡೆದರೆ ಇದು ೩೦೦ ವಾಟ್‌ನ ಸುಮಾರಿಗೆ ಏರುವುದು. ಹುಟ್ಟಿದ ಶಾಖವೆಲ್ಲ ಅಷ್ಟೇ ವೇಗದಲ್ಲಿ ಹೊರಹೋಗದಿದ್ದರೆ ದೇಹ ಬಿಸಿಯಾಗುತ್ತಲೇ ಹೋಗಬೇಕಾಗುತ್ತದೆ. ಹೊರಹೋಗುವ ಮುಖ್ಯ ದಾರಿಗಳು ಮೂರು: ಚರ್ಮಕ್ಕೆ ತಾಗುವ ಗಾಳಿಯ ಮೂಲಕ ಸಂವಹನ, ಸುತ್ತಲಿನ ವಸ್ತುಗಳ ಕಡೆಗೆ ವಿಕಿರಣ, ಬೆವರಿನ ಬಾಷ್ಪೀಕರಣ. ಕಾದ ಚರ್ಮದ ಉಷ್ಣತೆ ಸುಮಾರು ೩೫ ಡಿಗ್ರಿ. ಶಾಖವು ಬಿಸಿಯಾದ ವಸ್ತುವಿನಿಂದ ತಣ್ಣನೆಯ ವಸ್ತುವಿಗೆ ಹರಿಯುವುದೆಂಬ ನಿಯಮವನ್ನು ನೀವು ಬಲ್ಲಿರಿ. ಗಾಳಿ ೪೦ ಡಿಗ್ರಿಯಲ್ಲಿದ್ದು, ಬಂಡೆ ಇನ್ನೂ ಬಿಸಿಯಾಗಿದ್ದರೆ ಮೊದಲಿನ ಎರಡು ದಾರಿಗಳು ಮುಚ್ಚುವುದಷ್ಟೇ ಅಲ್ಲ, ಹಿಮ್ಮುಖವಾಗುತ್ತವೆ. ಆಗ ಗಾಳಿಯೂ ಬಂಡೆಯೂ ನಮಗೇ ಶಾಖವನ್ನು ಕೊಡತೊಡಗುತ್ತವೆ. ಉಳಿಯುವುದು ಬೆವರೊಂದೇ.

ಬೆವರು ಮಾಡುವ ಕೆಲಸ ಸಾಮಾನ್ಯವಾದುದಲ್ಲ. ಒಂದು ಗ್ರಾಂ ಬೆವರು ಮೈಮೇಲೆ ಆವಿಯಾದರೆ ಸುಮಾರು ೨೪೦೦ ಜೂಲ್ ಶಾಖವನ್ನು ತನ್ನೊಡನೆ ಒಯ್ಯುತ್ತದೆ. ಬಿಸಿಲಿನಲ್ಲಿ ನಡೆಯುತ್ತಿರುವ ವಿದ್ಯಾರ್ಥಿಯ ದೇಹದಲ್ಲಿ ಹುಟ್ಟುವ ಶಾಖ ೩೦೦ ವಾಟ್, ಬಿಸಿಲು, ಗಾಳಿ, ಬಂಡೆಗಳಿಂದ ಬರುವುದು ೨೦೦ ವಾಟ್ ಎಂದು ಭಾವಿಸೋಣ. ಒಟ್ಟು ೫೦೦ ವಾಟ್, ಎಂದರೆ ಗಂಟೆಗೆ ೧೮ ಲಕ್ಷ ಜೂಲ್. ಇದನ್ನು ೨೪೦೦ರಿಂದ ಭಾಗಿಸಿದರೆ ೭೫೦ ಗ್ರಾಂ ದೊರೆಯುತ್ತದೆ. ಗಂಟೆಗೆ ಮುಕ್ಕಾಲು ಲೀಟರ್ ಬೆವರು ಆವಿಯಾದರೆ ಮಾತ್ರ ಲೆಕ್ಕ ಸರಿದೂಗುವುದು. ೫೦ ಕಿಲೋಗ್ರಾಂ ತೂಕದ ಹುಡುಗಿ ನೀರು ಕುಡಿಯದೆ ಒಂದೂವರೆ ಗಂಟೆ ಹೀಗೆ ನಡೆದರೆ ತೂಕದ ನೂರಕ್ಕೆ ಎರಡು ಪಾಲಿಗಿಂತ ಹೆಚ್ಚು ನೀರನ್ನು ಕಳೆದುಕೊಂಡಿರುತ್ತಾಳೆ. ಕಾಲು ಸೋಲುವುದು, ತಲೆ ಭಾರವಾಗುವುದು ಆಗಲೇ. ಒಂದು ಬಾಟಲಿ ನೀರನ್ನು ಇಬ್ಬರಿಗೆ ಹಂಚಿ ಮಧ್ಯಾಹ್ನವಿಡೀ ತಿರುಗಿಸಿದ ನನ್ನ ಕಾರ್ಯಕ್ರಮ ಎಷ್ಟು ಅವಿವೇಕದ್ದೆಂಬುದು ಈ ಸರಳ ಭಾಗಾಕಾರದಿಂದಲೇ ತಿಳಿಯುತ್ತದೆ.

ಆದರೆ ಬೆವರು ಆವಿಯಾಗುವುದಕ್ಕೆ ಗಾಳಿ ಒಪ್ಪಬೇಕು. ಇಲ್ಲಿ ಒಂದು ಹಳೆಯ ಪ್ರಯೋಗವನ್ನು ನೆನೆಯುವುದು ಉಚಿತ. ಇಂಗ್ಲೆಂಡಿನ ವೈದ್ಯ ಚಾರ್ಲ್ಸ್ ಬ್ಲ್ಯಾಗ್ಡನ್ ತನ್ನ ಮಿತ್ರರೊಡನೆ ಅತಿಯಾಗಿ ಕಾಯಿಸಿದ ಕೋಣೆಗಳನ್ನು ಹೊಕ್ಕು ಬಂದು, ಆ ಅನುಭವವನ್ನು ೧೭೭೫ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದನು. ಒಮ್ಮೆ ಕೋಣೆಯ ಉಷ್ಣತೆ ೨೬೦ ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು ೧೨೭ ಡಿಗ್ರಿ ಸೆಲ್ಸಿಯಸ್ ಇದ್ದಿತು. ಅಲ್ಲಿ ಇಟ್ಟ ಮಾಂಸ ಬೆಂದುಹೋಯಿತು. ಮನುಷ್ಯನು ಮಾತ್ರ ಹಲವು ನಿಮಿಷ ನಿಂತು ಕ್ಷೇಮವಾಗಿ ಹೊರಬಂದನು. ಕೋಣೆಯ ಗಾಳಿ ಒಣಗಿದ್ದುದರಿಂದ ಬೆವರು ಬಂದಂತೆ ಆವಿಯಾಗಿ ಅವನನ್ನು ಕಾಪಾಡಿತು. ಅದೇ ಗಾಳಿಯಲ್ಲಿ ನೀರಿನ ಆವಿ ತುಂಬಿದ್ದರೆ ಫಲ ಬೇರೆಯೇ ಆಗುತ್ತಿತ್ತು.

ಹೀಗಾಗಿ ಒಂದು ಉಷ್ಣಮಾಪಕ ಸಾಲದು, ಎರಡು ಬೇಕು. ಎರಡನೆಯದರ ಬುರುಡೆಗೆ ಒದ್ದೆಯಾದ ತೆಳುಬಟ್ಟೆಯನ್ನು ಸುತ್ತಿ ಗಾಳಿಗೆ ಹಿಡಿದರೆ, ನೀರು ಆವಿಯಾಗುತ್ತ ಅದರ ಉಷ್ಣತೆ ಇಳಿಯುತ್ತದೆ. ಇದು ಆರ್ದ್ರ ಉಷ್ಣಮಾಪಕ. ಗಾಳಿ ಒಣಗಿದ್ದಷ್ಟೂ ಈ ಇಳಿತ ಹೆಚ್ಚು. ಬೆವರಿದ ಚರ್ಮವೂ ಒದ್ದೆಯಾದ ಬುರುಡೆಯೇ ತಾನೆ! ಕಲಬುರಗಿಯಲ್ಲಿ ಗಾಳಿ ೪೧ ಡಿಗ್ರಿಯಲ್ಲಿದ್ದು ಸಾಪೇಕ್ಷ ಆರ್ದ್ರತೆ ನೂರಕ್ಕೆ ೨೦ ಇದ್ದರೆ ಆರ್ದ್ರ ಉಷ್ಣಮಾಪಕವು ಸುಮಾರು ೨೩ ಡಿಗ್ರಿಯನ್ನು ತೋರುವುದು. ಮಂಗಳೂರಿನಲ್ಲಿ ಗಾಳಿ ೩೪ ಡಿಗ್ರಿಯಲ್ಲಿದ್ದು ಆರ್ದ್ರತೆ ನೂರಕ್ಕೆ ೭೦ ಇದ್ದರೆ ಅದು ಸುಮಾರು ೨೯ನ್ನು ತೋರುವುದು. "ಕಲಬುರಗಿ ಬೇಡ, ತಂಪಾದ ಕಡಲ ತೀರಕ್ಕೆ ಹೋಗೋಣ" ಎನ್ನುವವರು ಈ ಎರಡು ಸಂಖ್ಯೆಗಳನ್ನು ಒಮ್ಮೆ ಯೋಚಿಸಬೇಕು. ಏಳು ಡಿಗ್ರಿ ಕಡಿಮೆ ಇರುವ ಊರಿನಲ್ಲಿ ಬೆವರು ಮೈಯಿಂದ ತೊಟ್ಟಿಕ್ಕುತ್ತದೆಯೇ ಹೊರತು ಸುಲಭವಾಗಿ ಆವಿಯಾಗುವುದಿಲ್ಲ. ತೊಟ್ಟಿಕ್ಕಿದ ಬೆವರಿನಿಂದ ನೀರು ನಷ್ಟವಾಯಿತೇ ವಿನಾ ತಂಪಾಗಲಿಲ್ಲ. ನಮ್ಮ ಹವಾಮಾನ ಇಲಾಖೆಯು ಬಿಸಿಗಾಳಿಯ ಎಚ್ಚರಿಕೆಗೆ ಬಯಲುಸೀಮೆಗೆ ೪೦, ಕರಾವಳಿಗೆ ೩೭ ಎಂದು ಬೇರೆಬೇರೆ ಕನಿಷ್ಠ ಮಿತಿಗಳನ್ನು ಇಟ್ಟಿರುವುದನ್ನೂ ಇಲ್ಲಿ ಗಮನಿಸಬಹುದು.

ಆರ್ದ್ರ ಉಷ್ಣಮಾಪಕವು ೩೫ ಡಿಗ್ರಿಯನ್ನು ತೋರಿದರೆ ಆರೋಗ್ಯವಂತನಾದರೂ, ನೆರಳಿನಲ್ಲಿ ಸುಮ್ಮನೆ ಕುಳಿತಿದ್ದರೂ, ಕೆಲವು ಗಂಟೆಗಳಿಗಿಂತ ಹೆಚ್ಚು ಬದುಕಲಾರನೆಂದು ೨೦೧೦ರಲ್ಲಿ ಶೆರ್‌ವುಡ್ ಮತ್ತು ಹ್ಯೂಬರ್ ಎಂಬ ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದರು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ತರುಣ ತರುಣಿಯರ ಮೇಲೆ ನಡೆದು ೨೦೨೨ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ತೇವ ತುಂಬಿದ ಗಾಳಿಯಲ್ಲಿ ಸುಮಾರು ೩೧ ಡಿಗ್ರಿಯಲ್ಲಿಯೇ ಅವರ ದೇಹದ ಉಷ್ಣತೆ ಹಿಡಿತ ತಪ್ಪಿ ಏರತೊಡಗಿದುದು ಕಂಡುಬಂದಿತು. ಹರೆಯಕ್ಕೆ ಬಿಸಿಲು ಲೆಕ್ಕವಿಲ್ಲ ಎನ್ನುವ ಮಿತ್ರರಿಗೆ ಇದೇ ಉತ್ತರ. ಆ ಪ್ರಯೋಗಕ್ಕೆ ಒಳಗಾದವರೂ ಹರೆಯದವರೇ, ಆರೋಗ್ಯವಂತರೇ.

ಇನ್ನು ಸೂರ್ಯನ ವಿಚಾರ. ನಿರ್ಮಲವಾದ ಆಕಾಶದಲ್ಲಿ ಸೂರ್ಯನು ನೆತ್ತಿಯ ಮೇಲಿದ್ದಾಗ ನೆಲದ ಪ್ರತಿ ಚದರ ಮೀಟರಿಗೆ ಸುಮಾರು ೧೦೦೦ ವಾಟ್ ಬಿಸಿಲು ಬೀಳುತ್ತದೆ. ಸ್ಪೇನ್, ಗ್ರೀಸ್ ಮೊದಲಾದ ದೇಶಗಳಲ್ಲಿ ನಡುಬೇಸಗೆ ಎಂದರೆ ಜುಲೈ, ಆಗಸ್ಟ್. ನಮ್ಮಲ್ಲಿ ಹಾಗಲ್ಲ. ಹಂಪೆಯು ೧೫ ಡಿಗ್ರಿಗಿಂತ ತುಸು ಹೆಚ್ಚಿನ ಉತ್ತರ ಅಕ್ಷಾಂಶದಲ್ಲಿದೆ; ಸೂರ್ಯನು ಉತ್ತರಕ್ಕೆ ಸರಿಯುತ್ತ ಮೇ ತಿಂಗಳ ಮೊದಲ ವಾರದಲ್ಲಿಯೇ ಅದರ ನೆತ್ತಿಗೆ ಬರುತ್ತಾನೆ. ಜೂನ್ ತಿಂಗಳಿನಲ್ಲಿ ಮುಂಗಾರಿನ ಮೋಡಗಳು ಕೊಡೆ ಹಿಡಿಯುತ್ತವೆ. ಆದುದರಿಂದ ನಮ್ಮ ನಡುಬೇಸಗೆ ಎಪ್ರಿಲ್–ಮೇ ತಿಂಗಳುಗಳೇ. ಆ ವಾರದಲ್ಲಿ ನಡುಹಗಲು ಹಂಪೆಯ ಬಜಾರಿನಲ್ಲಿ ನಿಂತವರಿಗೆ ಒಂದು ವಿಚಿತ್ರ ಕಾಣುವುದು: ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಎತ್ತರದ ಗೋಡೆಯ ಬದಿಯಲ್ಲಿ ನಡೆದರೆ ನೆರಳು ಸಿಕ್ಕೀತೆಂಬ ಆಸೆ ಆಗ ಸುಳ್ಳು. ಚಾವಣಿಯುಳ್ಳ ಮಂಟಪ ಅಥವಾ ಮರ ಇವೆರಡೇ ಗತಿ.

ನಡುಹಗಲು ಎಂದೆನಷ್ಟೆ. ಅದು ಗಡಿಯಾರದ ಹನ್ನೆರಡು ಗಂಟೆಯಲ್ಲ. ನಮ್ಮ ಗಡಿಯಾರಗಳು ೮೨.೫ ಡಿಗ್ರಿ ಪೂರ್ವ ರೇಖಾಂಶದ ಕಾಲವನ್ನು ಅನುಸರಿಸುತ್ತವೆ; ಹಂಪೆ ಅದಕ್ಕೆ ಸುಮಾರು ೬ ಡಿಗ್ರಿ ಪಶ್ಚಿಮದಲ್ಲಿದೆ. ಪ್ರತಿ ಡಿಗ್ರಿಗೆ ನಾಲ್ಕು ನಿಮಿಷದಂತೆ, ಸಣ್ಣ ತಿದ್ದುಪಡಿಯನ್ನೂ ಸೇರಿಸಿದರೆ, ಮೇ ತಿಂಗಳ ಆರಂಭದಲ್ಲಿ ಅಲ್ಲಿ ಸೂರ್ಯನು ನೆತ್ತಿಗೆ ಬರುವುದು ಸುಮಾರು ಹನ್ನೆರಡು ಗಂಟೆ ಇಪ್ಪತ್ತು ನಿಮಿಷಕ್ಕೆ. ಗಾಳಿಯ ಉಷ್ಣತೆ ಪರಮಾವಧಿಯನ್ನು ಮುಟ್ಟುವುದು ಅದಕ್ಕಿಂತಲೂ ಎರಡು ಮೂರು ಗಂಟೆ ತಡವಾಗಿ. ನೆಲ ಕಾದು, ನೆಲದಿಂದ ಗಾಳಿ ಕಾಯಬೇಕಲ್ಲ! ಹೀಗಾಗಿ ಊಟ ಮುಗಿಸಿ ಎರಡು ಗಂಟೆಗೆ "ಬಿಸಿಲು ಇಳಿಯಿತು" ಎಂದು ಹೊರಡುವವರು ಸೆಕೆಯ ಶಿಖರವನ್ನೇ ಹತ್ತಲು ಹೊರಟಂತೆ.

ಬಂಡೆಗಳ ಪಾತ್ರವನ್ನೂ ಮರೆಯಲಾಗದು. ಪ್ರತಿಯೊಂದು ವಸ್ತುವೂ ತನ್ನ ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಶಾಖವನ್ನು ವಿಕಿರಿಸುತ್ತದೆ ಎಂಬುದು ಸ್ಟೀಫನ್ ಮತ್ತು ಬೋಲ್ಟ್ಸ್‌ಮನ್ನರ ನಿಯಮ. ಇದರಂತೆ ೩೫ ಡಿಗ್ರಿಯಲ್ಲಿರುವ ನಮ್ಮ ಚರ್ಮವು ಚದರ ಮೀಟರಿಗೆ ಸುಮಾರು ೫೧೦ ವಾಟ್ ಚೆಲ್ಲಿದರೆ, ೬೦ ಡಿಗ್ರಿಗೆ ಕಾದ ಕಲ್ಲುಹಾಸು ಸುಮಾರು ೭೦೦ ವಾಟ್ ಚೆಲ್ಲುತ್ತದೆ. ಮೇಲಿನಿಂದ ಸೂರ್ಯ, ಕೆಳಗಿನಿಂದ ಕಲ್ಲು, ನಡುವೆ ನಾವು. ಸಂಜೆ ಸೂರ್ಯನು ಇಳಿದರೂ ಬಂಡೆಗಳು ಹಗಲಿನ ಗಳಿಕೆಯನ್ನು ಬಹಳ ಹೊತ್ತು ಹಿಂದಿರುಗಿಸುತ್ತಲೇ ಇರುತ್ತವೆ. ಹೇಮಕೂಟದ ಮೇಲೆ ಸಂಜೆ ಐದಕ್ಕೆ ಕುಳಿತು ನೋಡಿದವರು ಇದನ್ನು ಬಲ್ಲರು.

ಇವೆಲ್ಲವನ್ನೂ ಒಂದೇ ಸಂಖ್ಯೆಯಲ್ಲಿ ಕೂಡಿಸುವ ಉಪಾಯವೊಂದುಂಟು. ಅಮೆರಿಕದ ನೌಕಾಸೈನಿಕರು ತರಬೇತಿಯ ಕಾಲದಲ್ಲಿ ಸೆಕೆಯಿಂದ ಕುಸಿಯುತ್ತಿದ್ದುದನ್ನು ತಡೆಯಲೆಂದು ಯಾಗ್ಲೌ ಮತ್ತು ಮಿನಾರ್ಡ್ ಎಂಬುವರು ೧೯೫೭ರಲ್ಲಿ ಇದನ್ನು ಪ್ರಕಟಿಸಿದರು. ಆರ್ದ್ರ ಉಷ್ಣಮಾಪಕದ ಹತ್ತರಲ್ಲಿ ಏಳು ಪಾಲು, ಬಿಸಿಲಿನಲ್ಲಿಟ್ಟ ಕಪ್ಪು ಗೋಳದೊಳಗಿನ ಉಷ್ಣಮಾಪಕದ ಎರಡು ಪಾಲು, ಸಾಮಾನ್ಯ ಉಷ್ಣಮಾಪಕದ ಒಂದು ಪಾಲು ಇವುಗಳನ್ನು ಕೂಡಿಸಬೇಕು. ಹೀಗೆ ಬಂದ ಸಂಖ್ಯೆ ೩೨ನ್ನು ದಾಟಿದರೆ ಅನಿವಾರ್ಯವಲ್ಲದ ದೈಹಿಕ ಅಭ್ಯಾಸಗಳನ್ನೆಲ್ಲ ನಿಲ್ಲಿಸುವುದು ಅಲ್ಲಿಯ ಸೇನೆಯ ಪದ್ಧತಿ. ಹಂಪೆಯ ಮೇ ತಿಂಗಳ ಒಂದು ದಿನಕ್ಕೆ ತಕ್ಕಂತಹ ಸಂಖ್ಯೆಗಳನ್ನು ಊಹಿಸಿ ಲೆಕ್ಕ ಮಾಡೋಣ. ಬೆಳಿಗ್ಗೆ ಏಳಕ್ಕೆ ಆರ್ದ್ರ ೨೧, ಗೋಳ ೩೦, ಗಾಳಿ ೨೭ ಇದ್ದರೆ ಮೊತ್ತ ೨೩.೪. ಮಧ್ಯಾಹ್ನ ಒಂದೂವರೆಗೆ ಬಿಸಿಲಿನಲ್ಲಿ ಆರ್ದ್ರ ೨೪, ಗೋಳ ೫೫, ಗಾಳಿ ೪೦ ಇದ್ದರೆ ೩೧.೮. ಅದೇ ಹೊತ್ತಿಗೆ ಮಂಟಪದ ನೆರಳಿಗೆ ಬಂದು ಗೋಳವೂ ೪೦ಕ್ಕೆ ಇಳಿದರೆ ೨೮.೮. ಸಂಜೆ ಐದಕ್ಕೆ ಆರ್ದ್ರ ೨೩.೫, ಗೋಳ ೪೨, ಗಾಳಿ ೩೭ ಇದ್ದರೆ ೨೮.೫೫. ನನ್ನ ವಿದ್ಯಾರ್ಥಿಗಳನ್ನು ನಾನು ನಡೆಸಿದುದು, ಸೈನಿಕರಿಗೂ ಕವಾಯತು ನಿಲ್ಲಿಸುವ ಮಿತಿಯ ಅಂಚಿನಲ್ಲಿ. ಬೆಳಗಿನ ಏಳು ಗಂಟೆ ಮಾತ್ರ, ಅದೇ ಊರಾದರೂ, ಬೇರೊಂದು ಹವೆಯ ನಾಡು. ಸಂಜೆಯೂ ಬೆಳಗಿಗೆ ಸಮನಲ್ಲ ಎಂಬುದನ್ನು ಗಮನಿಸಿರಿ.

ಆದುದರಿಂದ ನನ್ನ ಸಲಹೆ ಇಷ್ಟು. ಬೇಸಗೆಯ ಪ್ರವಾಸಿಗರು ನೋಡುವ ಊರಿನಲ್ಲಿ ಹಿಂದಿನ ರಾತ್ರಿಯೇ ತಂಗಿರಬೇಕು. ಹಂಪೆಯಲ್ಲಿ ಮೇ ತಿಂಗಳಿನಲ್ಲಿ ಸೂರ್ಯನು ಆರು ಗಂಟೆಯ ಸುಮಾರಿಗೆ ಮೂಡುತ್ತಾನೆ, ಆಗಲೇ ಹೊರಗಿರಬೇಕು. ಹೇಮಕೂಟ, ಮಾತಂಗ ಮೊದಲಾದ ಬಯಲಿನ ತಾಣಗಳನ್ನೂ ಏರುಗಳನ್ನೂ ಮೊದಲು ಮುಗಿಸಬೇಕು. ಟಿಕೆಟ್ ಇರುವ ಸ್ಥಳಗಳ ಬಾಗಿಲು ಯಾವ ಹೊತ್ತಿಗೆ ತೆರೆಯುವುದೆಂದು ಮೊದಲೇ ವಿಚಾರಿಸಿ, ತೆರೆದೊಡನೆ ಅಲ್ಲಿರಬೇಕು. ಹತ್ತು ಗಂಟೆಯಿಂದ ನಾಲ್ಕೂವರೆಯವರೆಗೆ ಬಯಲಿನ ಕಾರ್ಯಕ್ರಮ ಯಾವುದೂ ಇರಕೂಡದು. ಆ ಹೊತ್ತು ಊಟಕ್ಕೆ, ನಿದ್ರೆಗೆ, ಕಂಡುದನ್ನು ಬರೆದಿಡುವುದಕ್ಕೆ, ಕಮಲಾಪುರದ ವಸ್ತುಸಂಗ್ರಹಾಲಯದಂತಹ ಚಾವಣಿಯ ಕೆಳಗಿನ ತಾಣಗಳಿಗೆ. ಒಂದು ದಿನಕ್ಕೆ ಒಂಬತ್ತು ಸ್ಥಳಗಳಲ್ಲ, ಮೂರು ಸಾಕು.

ವಿಜಯಪುರಕ್ಕೆ ಹೋದರೆ ನಡುಹಗಲಿನಲ್ಲಿ ಗೋಲಗುಮ್ಮಟದ ಒಳಭಾಗವೇ ಒಳ್ಳೆಯ ಆಶ್ರಯ. ಅದರ ಗೋಡೆಗಳು ಸುಮಾರು ಮೂರು ಮೀಟರ್ ದಪ್ಪ. ಹಗಲಿನ ಶಾಖದ ಅಲೆ ಕಲ್ಲಿನೊಳಗೆ ಒಂದು ಗೇಣಿನಷ್ಟು ಹೋಗುವಷ್ಟರಲ್ಲಿ ಬಹುಪಾಲು ಕುಗ್ಗಿಹೋಗುತ್ತದೆ. ಹೊರಗಿನ ಒಂದು ದಿನದ ಏರಿಳಿತ ಒಳಗಿನ ಮೈಯನ್ನು ಮುಟ್ಟುವುದೇ ಇಲ್ಲ. ೧೭ನೆಯ ಶತಮಾನದ ಶಿಲ್ಪಿಗಳು ಭಾರವಾದ ಗುಮ್ಮಟವನ್ನು ಹೊರಲೆಂದು ಕಟ್ಟಿದ ಗೋಡೆ ಬೇಸಗೆಯ ಪ್ರವಾಸಿಗನಿಗೆ ಹೀಗೆ ಉಪಕಾರಿಯಾಗಿದೆ.

ಈ ಸಲಹೆಗೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. ಮೊದಲನೆಯದು ಖರ್ಚಿನದು. ಒಂದು ರಾತ್ರಿ ಹೆಚ್ಚು ತಂಗಿದರೆ ಬಡ ವಿದ್ಯಾರ್ಥಿಗಳಿಗೆ ಹೊರೆಯಾಗುತ್ತದೆ ಎನ್ನುತ್ತಾರೆ. ಮಾತು ನಿಜ. ಆದರೆ ಆಗ ಕಡಿಮೆ ಮಾಡಬೇಕಾದುದು ಊರುಗಳ ಸಂಖ್ಯೆಯನ್ನೇ ಹೊರತು ವಿಶ್ರಾಂತಿಯ ಹೊತ್ತನ್ನಲ್ಲ. ಮೂರು ಊರುಗಳನ್ನು ಬಸ್ಸಿನ ಕಿಟಕಿಯಿಂದ ನೋಡುವ ಬದಲು ಒಂದನ್ನು ಕಣ್ತುಂಬ ನೋಡಿದರೆ ನಷ್ಟವೇನು? ಎರಡನೆಯದು, "ನಮ್ಮ ರೈತರು ಬಿಸಿಲಿನಲ್ಲಿ ದುಡಿಯುವುದಿಲ್ಲವೆ?" ಎಂಬುದು. ದುಡಿಯುತ್ತಾರೆ, ಅದು ಅವರ ಅನಿವಾರ್ಯ. ಬಿಸಿಲಿನಲ್ಲಿ ಒಂದೆರಡು ವಾರ ಕ್ರಮವಾಗಿ ಕೆಲಸ ಮಾಡಿದವನ ದೇಹ ಹೊಂದಿಕೊಳ್ಳುತ್ತದೆ. ಬೆವರು ಬೇಗ ಬರುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಿರುತ್ತದೆ. ಪರೀಕ್ಷೆಗೆಂದು ತಿಂಗಳುಗಟ್ಟಲೆ ಕೋಣೆಯಲ್ಲಿ ಕುಳಿತವನು ಒಂದು ರಾತ್ರಿಯಲ್ಲಿ ಆ ಹೊಂದಿಕೆಯನ್ನು ಪಡೆಯಲಾರ. ಅಷ್ಟೇ ಅಲ್ಲ, ಬಯಲುಸೀಮೆಯ ರೈತನು ಬೇಸಗೆಯಲ್ಲಿ ಹೊಲಕ್ಕೆ ಹೋಗುವುದು ನಸುಕಿನಲ್ಲಿ. ಸೂರ್ಯನು ಏರಿದಾಗ ಅವನು ಬೇವಿನ ಮರದಡಿಯಲ್ಲಿರುತ್ತಾನೆ. ಕಲಬುರಗಿಯ ಕಡೆಯ ಜಿಲ್ಲೆಗಳಲ್ಲಿ ಸರ್ಕಾರಿ ಕಚೇರಿಗಳೇ ಎಪ್ರಿಲ್, ಮೇ ತಿಂಗಳುಗಳಲ್ಲಿ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಯವರೆಗೆ ಕೆಲಸ ಮಾಡುವ ರೂಢಿಯುಂಟು. ಊರಿನವರು ಅನುಭವದಿಂದ ಕಲಿತ ಈ ಬುದ್ಧಿಯನ್ನು ಹೊರಗಿನಿಂದ ಬರುವ ನಾವು ಏಕೆ ಕಡೆಗಣಿಸಬೇಕು?

ಬೇರೆ ದೇಶಗಳೂ ಈ ಪಾಠವನ್ನು ಕಲಿಯುತ್ತಿವೆ. ೨೦೨೩ರ ಜುಲೈ ತಿಂಗಳಿನಲ್ಲಿಯೂ ೨೦೨೪ರ ಜೂನ್ ತಿಂಗಳಿನಲ್ಲಿಯೂ ಗ್ರೀಸ್ ದೇಶದವರು ಅಥೆನ್ಸಿನ ಅಕ್ರೊಪೊಲಿಸ್ ಬೆಟ್ಟವನ್ನು ಅತಿ ಸೆಕೆಯ ದಿನಗಳಲ್ಲಿ ಮಧ್ಯಾಹ್ನದ ಹೊತ್ತು ಮುಚ್ಚಿದರು. ಜಗತ್ತಿನ ಮೂಲೆಮೂಲೆಗಳಿಂದ ಬಂದ ಪ್ರವಾಸಿಗರನ್ನು ಬಾಗಿಲಲ್ಲಿ ತಡೆಯುವುದು ಸುಲಭದ ನಿರ್ಧಾರವಲ್ಲ. ಅದೇ ೨೦೨೪ರ ಜೂನ್‌ನಲ್ಲಿ ಮೆಕ್ಕಾದಲ್ಲಿ ಉಷ್ಣತೆ ೫೧.೮ ಡಿಗ್ರಿಯನ್ನು ಮುಟ್ಟಿತು. ಹಜ್ ಯಾತ್ರೆಯಲ್ಲಿ ೧,೩೦೧ ಮಂದಿ ಮಡಿದರೆಂದು ಸೌದಿ ಸರ್ಕಾರ ತಿಳಿಸಿತು. ಅವರಲ್ಲಿ ಬಹುಮಂದಿ ಅನುಮತಿಪತ್ರವಿಲ್ಲದೆ ಬಂದು, ನೆರಳಿನ ಆಸರೆಯಿಲ್ಲದೆ ಬಿಸಿಲಿನಲ್ಲಿ ಬಹುದೂರ ನಡೆದವರು. ಗಾಳಿಯ ಉಷ್ಣತೆ ಎಲ್ಲರಿಗೂ ಒಂದೇ ಆಗಿತ್ತು. ನೆರಳು, ನೀರು, ನಡೆದ ದೂರ ಇವು ಒಂದೇ ಆಗಿರಲಿಲ್ಲ. ನಮ್ಮ ದೇಶದಲ್ಲಿ ೨೦೧೦ರ ಮೇ ತಿಂಗಳ ಭೀಕರ ಬಿಸಿಗಾಳಿಯ ಅನಂತರ ಅಹಮದಾಬಾದ್ ನಗರವು ೨೦೧೩ರಲ್ಲಿ ಬಿಸಿಗಾಳಿಯನ್ನೆದುರಿಸುವ ಯೋಜನೆಯೊಂದನ್ನು ಜಾರಿಗೆ ತಂದಿತು. ನಗರಗಳಿಗೆ ಯೋಜನೆ ಬೇಕೆಂದಾದರೆ ಐವತ್ತು ಮಕ್ಕಳನ್ನು ಬಸ್ಸಿನಲ್ಲಿ ಕರೆದೊಯ್ಯುವ ಶಾಲೆಗೂ ಒಂದು ಪುಟದ ಯೋಜನೆ ಬೇಡವೆ? ಮಧ್ಯಾಹ್ನದ ಬಿಡುವು ಆ ಪುಟದಲ್ಲಿ ಬರೆದಿಲ್ಲದಿದ್ದರೆ ಮುಖ್ಯೋಪಾಧ್ಯಾಯರು ಬೇಸಗೆಯ ಪ್ರವಾಸಕ್ಕೆ ಒಪ್ಪಿಗೆ ಕೊಡಕೂಡದೆಂದು ನಾನು ಹೇಳುತ್ತೇನೆ.

ಇಷ್ಟಾದರೂ ಒಬ್ಬರು ಕುಸಿದರೆ ಮಾಡಬೇಕಾದುದನ್ನು ಎಲ್ಲರೂ ತಿಳಿದಿರಬೇಕು. ತಲೆಸುತ್ತು, ವಾಕರಿಕೆ, ಅತಿ ಬೆವರು, ನಿಶ್ಶಕ್ತಿ ಇವು ಮೊದಲ ಎಚ್ಚರಿಕೆಗಳು. ಕೂಡಲೇ ನೆರಳಿಗೆ ಕರೆದೊಯ್ದು, ಬಟ್ಟೆಗಳನ್ನು ಸಡಿಲಿಸಿ, ಮೈಯನ್ನು ಒದ್ದೆ ಮಾಡಿ ಗಾಳಿ ಬೀಸಬೇಕು. ಉಪ್ಪು ಸಕ್ಕರೆ ಬೆರೆಸಿದ ಪಾನಕವನ್ನೋ ಮಜ್ಜಿಗೆಯನ್ನೋ ಗುಟುಕು ಗುಟುಕಾಗಿ ಕೊಡಬೇಕು. ಒಣಗಿದ ಮೈಗೆ ೪೦ ಡಿಗ್ರಿಯ ಗಾಳಿಯನ್ನು ಬೀಸಿದರೆ ಶಾಖವನ್ನು ಬಡಿಸಿದಂತೆಯೇ. ಒದ್ದೆ ಮಾಡುವುದು ಮೊದಲು, ಬೀಸುವುದು ಅನಂತರ. ಮಾತು ತೊದಲಿದರೆ, ಗೊಂದಲಗೊಂಡರೆ, ಪ್ರಜ್ಞೆ ತಪ್ಪಿದರೆ ಅದು ಸೂರ್ಯಾಘಾತ. ಆಗ ಬಾಯಿಗೆ ನೀರು ಹಾಕದೆ, ಮೈಮೇಲೆ ನೀರು ಸುರಿಯುತ್ತ, ೧೦೮ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು. ತಂಪು ಮಾಡುವುದನ್ನು ವಾಹನ ಬರುವವರೆಗೆ ನಿಲ್ಲಿಸಬಾರದು.

ವಿದ್ಯಾರ್ಥಿಮಿತ್ರರೇ, ನನ್ನ ಮಾತನ್ನು ಸುಮ್ಮನೆ ನಂಬಬೇಡಿರಿ. ಎರಡು ಸಾಮಾನ್ಯ ಉಷ್ಣಮಾಪಕಗಳನ್ನು ಪ್ರಯೋಗಶಾಲೆಯಿಂದ ಕೇಳಿ ತನ್ನಿರಿ. ಒಂದರ ಬುರುಡೆಗೆ ಒದ್ದೆ ಹತ್ತಿಬಟ್ಟೆ ಸುತ್ತಿ, ಬಟ್ಟೆಯ ತುದಿಯನ್ನು ನೀರಿನ ಬಟ್ಟಲಿನಲ್ಲಿ ಇಳಿಬಿಡಿರಿ. ಎರಡನ್ನೂ ನೆರಳಿನಲ್ಲಿ ತೂಗುಹಾಕಿ, ಬೀಸಣಿಗೆಯಿಂದ ಗಾಳಿ ಹಾಕಿ, ಬೆಳಿಗ್ಗೆ ಆರು, ಒಂಬತ್ತು, ಮಧ್ಯಾಹ್ನ ಹನ್ನೆರಡು, ಮೂರು, ಸಂಜೆ ಆರು ಗಂಟೆಗಳಲ್ಲಿ ಓದಿ ಬರೆದುಕೊಳ್ಳಿರಿ. ಜೊತೆಗೆ ಒಂದು ಕೋಲನ್ನು ನೆಟ್ಟು ಅದರ ನೆರಳಿನ ಉದ್ದವನ್ನೂ ಅಳೆಯಿರಿ. ಒಂದು ವಾರದ ಅಂಕಿಗಳನ್ನು ನಕ್ಷೆಯ ಹಾಳೆಯ ಮೇಲೆ ಗುರುತಿಸಿದರೆ ಯಾವ ಹೊತ್ತಿನಲ್ಲಿ ಹೊರಡಬೇಕು, ಯಾವ ಹೊತ್ತಿನಲ್ಲಿ ಮಲಗಬೇಕು ಎಂಬುದು ತಾನಾಗಿ ಕಾಣುತ್ತದೆ. ಆ ಹಾಳೆಯನ್ನು ಪ್ರವಾಸದ ಮೇಲ್ವಿಚಾರಕರ ಮೇಜಿನ ಮೇಲೆ ಇಡಿರಿ. ಅಧ್ಯಾಪಕರು ಅದನ್ನು ಅವಿನಯವೆಂದು ತಿಳಿಯಲಾರರು. ತಿಳಿದರೆ ತಪ್ಪು ಅವರದು.

ಮುಂದಿನ ವರ್ಷ ಅದೇ ಮೇ ತಿಂಗಳಿನಲ್ಲಿ ಮತ್ತೆ ಹಂಪೆಗೆ ಹೋದೆವು. ಹಿಂದಿನ ವರ್ಷ ಕುಸಿದ ಹುಡುಗನೂ ಬಂದಿದ್ದ. ವೇಳಾಪಟ್ಟಿಯನ್ನು ಈ ಬಾರಿ ಬರೆದವನು ಅವನೇ. ಐದೂವರೆಗೆ ಎದ್ದು ಹೊರಟು, ಬಿಸಿಲೇರುವ ಮೊದಲೇ ಹೊಳೆಯ ದಾರಿಯಲ್ಲಿ ನಡೆದು, ಬಾಗಿಲು ತೆರೆಯುವ ಹೊತ್ತಿಗೆ ವಿಠ್ಠಲ ದೇವಾಲಯದ ಮುಂದಿದ್ದೆವು. ಹಿಂದಿನ ವರ್ಷ ಅವನನ್ನು ಮಲಗಿಸಿದ ಮಂಟಪ ದಾರಿಯಲ್ಲಿ ಸಿಕ್ಕಿತು. ಅವನು ಅಲ್ಲಿ ನಿಂತು ಚೀಲದಿಂದ ಎರಡು ಉಷ್ಣಮಾಪಕಗಳನ್ನು ತೆಗೆದು ಓದಿ, ಪುಸ್ತಕದಲ್ಲಿ ಬರೆದುಕೊಂಡ. ಹತ್ತು ಗಂಟೆಗೆ ನಾವೆಲ್ಲ ತಂಗಿದ್ದ ಕಡೆಗೆ ಹಿಂದಿರುಗಿದೆವು. ಆ ಪ್ರವಾಸದಲ್ಲಿ ನಾವು ನೋಡಿದ ಸ್ಥಳಗಳು ಒಂಬತ್ತಲ್ಲ, ನಾಲ್ಕು. ಇಪ್ಪತ್ತೆಂಟು ಮಂದಿಯೂ ಅವುಗಳನ್ನು ನೋಡಿದರು.